ಗೋಡೆಯೊಳಗಿನ ಸೋರಿಕೆ

ನಮ್ಮ ಕಾಮಸಮುದ್ರದ ಹೆಸರಿನಲ್ಲಿ ಸಮುದ್ರವೇ ಇದೆ. ನಲ್ಲಿಯಲ್ಲಿ ಮಾತ್ರ ನೀರು ಬಂದರೆ ಬಂತು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಕ್ಕದ ಚಿನ್ನದ ಗಣಿಗೆ ಬ್ರಿಟಿಷರ ಕಾಲದಲ್ಲಿ ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ಕೊಳವೆಯಲ್ಲಿ ನೀರು ತಂದರು. ಗಣಿ 2001ರಲ್ಲಿ ಮುಚ್ಚಿತು, ನೀರಿನ ಚಿಂತೆ ಮುಚ್ಚಲಿಲ್ಲ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನೇ ಶುದ್ಧ ಮಾಡಿ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ ಎಂದರೆ ನಮ್ಮ ಬಾಯಾರಿಕೆ ಎಂಥದ್ದೆಂದು ನೀವೇ ಊಹಿಸಿ.

ಅದೊಂದು ಬೇಸಿಗೆ. ಎರಡು ದಿನಕ್ಕೆ ಬರುತ್ತಿದ್ದ ನಮ್ಮ ಮಹಡಿಯ ಟ್ಯಾಂಕು ಒಂದೇ ದಿನಕ್ಕೆ ಬರಿದಾಗತೊಡಗಿತು. ಸೋಲಾರ್ ನೀರೂ ಬೆಳಗಿನ ಹೊತ್ತಿಗೆ ತಣ್ಣಗೆ. ಅತ್ತೆಯವರ ಅನುಮಾನ ಮೊದಲು ಮಕ್ಕಳ ಮೇಲೆ, ಆಮೇಲೆ ಪಾತ್ರೆ ತೊಳೆಯುವಾಕೆಯ ಮೇಲೆ. "ನಲ್ಲಿ ಬಿಟ್ಟುಕೊಂಡೇ ತೊಳೀತಾಳೆ. ನೀನು ಒಂದು ಮಾತು ಕೇಳೋದಿಲ್ಲ" ಎಂದರು. ಕೇಳಿದೆ. ಕೇಳಿದ ರೀತಿ ಸರಿಯಿರಲಿಲ್ಲ.

"ಎರಡು ಕೊಡ ನೀರಿಗೆ ಸಾಲಲ್ಲಿ ನಿಲ್ಲೋಳು ನಾನು. ನಿಮ್ಮ ನೀರು ಚೆಲ್ತೀನಾ ಅಮ್ಮಾ?" ಎಂದಳು. ಮರುದಿನ ಬರಲಿಲ್ಲ.

ಅವಳಿಲ್ಲದೆಯೂ ಟ್ಯಾಂಕು ಬರಿದಾದಾಗ ನನ್ನ ಎದೆ ಧಸಕ್ಕೆಂದಿತು. ಆ ರಾತ್ರಿ ಎಲ್ಲ ನಲ್ಲಿಗಳನ್ನೂ ಬಿಗಿದು, ಟ್ಯಾಂಕಿಗೆ ಕೋಲು ಇಳಿಸಿ ಗುರುತು ಹಾಕಿದೆ. ಬೆಳಿಗ್ಗೆ ನೋಡಿದರೆ ಒಂದು ಗೇಣು ಇಳಿದಿದೆ! ಮರುರಾತ್ರಿ ಸೋಲಾರಿಗೆ ಹೋಗುವ ವಾಲ್ವ್ ಒಂದನ್ನೂ ಮುಚ್ಚಿದೆ. ನೀರು ಗುರುತು ಬಿಟ್ಟು ಕದಲಿರಲಿಲ್ಲ. ಕಳ್ಳ ಬಿಸಿನೀರಿನ ಪೈಪಿನಲ್ಲಿದ್ದಾನೆ ಎಂದಾಯಿತು. ಆದರೆ ಎಲ್ಲಿ? ಪೈಪೆಲ್ಲ ಗೋಡೆಯೊಳಗೆ, ಮೇಲೆ ಟೈಲ್ಸು. ಎಲ್ಲೂ ಒಂದು ತೇವದ ಕಲೆಯಿಲ್ಲ. "ಗೋಡೆಯನ್ನೆಲ್ಲ ಒಡೆಸೋಣವೇ?" ಎಂದು ನಮ್ಮವರು ತಲೆಯ ಮೇಲೆ ಕೈಹೊತ್ತರು.

ವಾಲ್ವ್ ತೆರೆದ ದಿನ ಸಂಜೆ ಬಚ್ಚಲ ಗೋಡೆಯ ಪಕ್ಕ ನೆಲ ಒರೆಸುತ್ತಿದ್ದೆ. ಬರಿಗಾಲಿಗೆ ಒಂದು ಕಡೆ ಬೆಚ್ಚಗೆ ತಗುಲಿತು. ಆಗತಾನೆ ಯಾರೋ ಅನ್ನದ ಪಾತ್ರೆ ಇಟ್ಟು ಎತ್ತಿದಂತೆ! ಅಂಗೈಯಿಟ್ಟೆ. ಸುತ್ತ ತಣ್ಣಗೆ, ಅಲ್ಲಿ ಮಾತ್ರ ಬಿಸಿ. ಪ್ಲಂಬರ್ ಅಲ್ಲಿ ಎರಡೇ ಟೈಲ್ಸ್ ಎಬ್ಬಿಸಿದ. ಕಬ್ಬಿಣದ ಪೈಪಿನ ಮೂಲೆ ತಿರುವು ತುಕ್ಕು ಹಿಡಿದು ಸೂಜಿಯಷ್ಟು ತೂತಾಗಿತ್ತು. ನೀರು ಗೋಡೆಗೆ ಏರದೆ ನೇರ ಮಣ್ಣಿಗಿಳಿಯುತ್ತಿತ್ತು. ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪು ಹಾಕಿದ. ಅಂದಿನಿಂದ ಟ್ಯಾಂಕು ಮತ್ತೆ ಎರಡು ದಿನಕ್ಕೆ ಬರತೊಡಗಿತು.

ಅವಳ ಮನೆಗೆ ಹೋಗಿ "ತಪ್ಪಾಯಿತು" ಎಂದೆ. ಕೂರಿಸಿ ಟೀ ಕೊಟ್ಟಳು. ಬೇರೆ ಮನೆ ಹಿಡಿದಿದ್ದಳು, ವಾಪಸು ಬರಲಿಲ್ಲ.

ಈಗಲೂ ಟ್ಯಾಂಕು ಬೇಗ ಬರಿದಾದರೆ ಮೊದಲು ಕೋಲು ಹಿಡಿದು ಮಹಡಿ ಹತ್ತುತ್ತೇನೆ. ಬಾಯಿ ತೆರೆಯುವುದೇನಿದ್ದರೂ ಆಮೇಲೆ.