ಖಾಲಿ ಮನೆಯ ಗೆರೆ

ಲೆಡ್ಜರಿನಲ್ಲಿ ಖಾಲಿ ಬಿಟ್ಟ ಜಾಗಕ್ಕೂ ಒಂದು ಅರ್ಥವುಂಟು. ಅದಕ್ಕೇ ನಾವು ಬ್ಯಾಂಕಿನವರು ಅಲ್ಲೊಂದು ಗೆರೆ ಎಳೆದುಬಿಡುತ್ತಿದ್ದೆವು. ಕಂಪ್ಯೂಟರಿನ ಪರದೆಯನ್ನು ಹಾಗೆ ನಂಬುವಂತಿರಲಿಲ್ಲ. ಒಂದೇ ಪುಟವನ್ನು ಒಂದೊಂದು ಬ್ರೌಸರ್ ಒಂದೊಂದು ರೀತಿ ತೋರಿಸುತ್ತಿದ್ದ ಕಾಲವದು.

2006ರಲ್ಲಿ ನಾನು ಪುಣೆಯಲ್ಲಿದ್ದೆ. ಅಲ್ಲಿಯ ನಮ್ಮ ಕನ್ನಡ ಬಳಗದ ಗೆಳೆಯರೊಬ್ಬರು ತೀರಿಕೊಂಡಾಗ ಅವರ ಮಗಳ ಓದಿಗೆಂದು ಹಣ ಕೂಡಿಸಿದೆವು. ಲೆಕ್ಕ ನನ್ನದು, ವೆಬ್ ಪುಟ ಬಳಗದ ಹುಡುಗನೊಬ್ಬನದು. ಹೆಸರು, ಒಪ್ಪಿದ ಮೊತ್ತ, ಬಂದ ಮೊತ್ತ, ಹೀಗೆ ಮೂರು ಕಾಲಂ. ಇನ್ನೂ ಕೊಡದಿದ್ದ ನಾಲ್ಕೈದು ಮಂದಿಯ ಕೊನೆಯ ಚೌಕ, ಮನೆ ಅನ್ನಿ, ಖಾಲಿ. ಹುಡುಗನ ಫೈರ್‌ಫಾಕ್ಸ್‌ನಲ್ಲಿ ಎಲ್ಲಾ ಮನೆಗೂ ಗೆರೆಯಿತ್ತು. ಉಳಿದವರು ನೋಡುತ್ತಿದ್ದ ಬ್ರೌಸರ್ ಮಾತ್ರ ಒಳಗೆ ಏನೂ ಇಲ್ಲದ ಮನೆಗೆ ಗೆರೆಯನ್ನೇ ಹಾಕುತ್ತಿರಲಿಲ್ಲ.

ಧಾರವಾಡದ ಕಡೆಯ ಹಿರಿಯರೊಬ್ಬರು ಫೋನ್ ಮಾಡಿದರು. ಹೆಂಡತಿಯ ಆಸ್ಪತ್ರೆ ಖರ್ಚಿನಲ್ಲಿ ಬಸವಳಿದಿದ್ದವರು. “ಸಾಹೇಬ್ರ, ನಮ್ಮ ಹೆಸರಿನ ಮುಂದ ತೂತ್ ಬಿಟ್ಟೀರಲ್ಲ, ಕೊಟ್ಟಿಲ್ಲಂತ ಮಂದಿಗೆ ತೋರಸ್ಲಿಕ್ಕೇನ್ರಿ?”

“ಅದು ಬ್ರೌಸರ್ ಮಾಡೋದು, ಅಂಕಲ್” ಅಂದ ಹುಡುಗ. ಯಾರು ಮಾಡಿದರೇನು, ಗೆರೆ ಬರಬೇಕಲ್ಲ! ಆ ರಾತ್ರಿ ಅವನ ಪಕ್ಕ ಕೂತು ಕಲಿತೆ. ಖಾಲಿ ಮನೆಯೊಳಗೆ ಎನ್‌ಬಿಎಸ್‌ಪಿ ಎಂಬ, ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಿದರೆ ಸಾಕು. ಮನೆಯಲ್ಲಿ ಯಾರೋ ಇದ್ದಾರೆಂದು ನಂಬಿ ಬ್ರೌಸರ್ ಸುತ್ತಲೂ ಗೆರೆ ಎಳೆಯುತ್ತದೆ. ಮನೆಗಳ ನಡುವಿನ ಸಂದಿಯದು ಇನ್ನೊಂದು ತಕರಾರು. ಸಿಎಸ್‌ಎಸ್‌ನ ಬಾರ್ಡರ್-ಸ್ಪೇಸಿಂಗ್ ಆಗ ಎಲ್ಲಾ ಕಡೆ ನಡೆಯುತ್ತಿರಲಿಲ್ಲ. ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೆ ಅದು ಬಂದದ್ದು 2009ರ 8ನೇ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಟೇಬಲ್ ಟ್ಯಾಗಿನಲ್ಲೇ ಸೆಲ್‌ಸ್ಪೇಸಿಂಗ್ ಎಷ್ಟೆಂದು ಬರೆಯಬೇಕಿತ್ತು. ಪುಟದ ತಲೆಯಲ್ಲಿ ಡಾಕ್‌ಟೈಪ್ ಸಾಲು ಇಲ್ಲದಿದ್ದರಂತೂ ಬ್ರೌಸರ್ ‘ಕ್ವರ್ಕ್ಸ್ ಮೋಡ್’ಗೆ ಇಳಿಯುತ್ತದೆ, ಪುಟಕ್ಕೆಲ್ಲ ಕೊಟ್ಟ ಅಕ್ಷರದ ಅಳತೆ ಟೇಬಲ್ಲಿನೊಳಗೆ ಕಾಲಿಡುವುದೇ ಇಲ್ಲ. ಇದು ಇವತ್ತಿಗೂ ಹಾಗೆಯೇ. ವೋಚರಿನ ಮೇಲೆ ತಾರೀಖು ಇಲ್ಲದಿದ್ದರೆ ಮುಂದಿನದೆಲ್ಲ ಅನುಮಾನ ಅನ್ನುತ್ತೇವಲ್ಲ, ಹಾಗೆ.

ಬೆಳಿಗ್ಗೆ ಆಫೀಸಿನ ಯಂತ್ರದಲ್ಲಿ ತೆರೆದು ನೋಡಿದೆ. ಎಲ್ಲಾ ಮನೆಗೂ ಗೆರೆ ಬಂದಿತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಗೆರೆಯೊಳಗಿದ್ದರೂ ಖಾಲಿ ಖಾಲಿಯೇ ತಾನೆ? ಬಳಗದವರನ್ನು ಕೇಳಿ ಹೆಸರುಗಳನ್ನೇ ತೆಗೆಸಿ, ಒಟ್ಟು ಮೊತ್ತವನ್ನಷ್ಟೇ ಉಳಿಸಿದೆವು. ರಾತ್ರಿಯಿಡೀ ಹಾಕಿದ ಎನ್‌ಬಿಎಸ್‌ಪಿ ದಂಡವಾಯಿತೆಂದು ಹುಡುಗನಿಗೆ ಸ್ವಲ್ಪ ಬೇಜಾರು.

ಎರಡು ತಿಂಗಳ ಮೇಲೆ ಆ ಹಿರಿಯರು 500 ರೂಪಾಯಿ ತಂದುಕೊಟ್ಟರು. ರಸೀದಿ ಬರೆದೆ. ಮಡಚಿ ಜೇಬಿಗಿಟ್ಟುಕೊಂಡು, ಚಹಾ ಕುಡಿದು ಹೋದರು.