ಆರೋಗ್ಯವನ್ನರಸಿ

ಹೊಟ್ಟೆಪಾಡಿಗಾಗಿ ಊರು ಬಿಡುವವರುಂಟು. ವಿದ್ಯೆಗಾಗಿ ಕಡಲು ದಾಟುವವರುಂಟು. ಪುಣ್ಯಕ್ಕಾಗಿ ಕ್ಷೇತ್ರಗಳನ್ನು ಸುತ್ತುವವರುಂಟು. ಇವೆಲ್ಲಕ್ಕಿಂತ ಕಠಿನವಾದದ್ದು ರೋಗಿಯ ಪ್ರಯಾಣ. ಉಳಿದವರು ಮೈಯಲ್ಲಿ ಕಸುವಿರುವಾಗ ಹೊರಡುತ್ತಾರೆ. ರೋಗಿಯಾದರೋ ಕಸುವು ಕುಂದಿದಾಗಲೇ ಹೊರಡಬೇಕು.

ಈ ರೂಢಿ ಇಂದು ನಿನ್ನೆಯದಲ್ಲ. ಪ್ರಾಚೀನ ಗ್ರೀಸಿನ ಎಪಿಡಾರಸಿನಲ್ಲಿ ವೈದ್ಯದೇವತೆಯಾದ ಅಸ್ಕ್ಲೀಪಿಯಸನ ಗುಡಿಯಿತ್ತು. ದೇವನು ಕನಸಿನಲ್ಲಿ ಬಂದು ಗುಣಪಡಿಸುವನೆಂದು ನಂಬಿ, ದೂರದ ರೋಗಿಗಳು ಅಲ್ಲಿ ಇರುಳು ಮಲಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕ್ಷಯರೋಗಿಗಳು ಬೆಟ್ಟದ ಗಾಳಿಯನ್ನರಸಿ ಸ್ವಿಟ್ಸರ್ಲೆಂಡಿನ ದಾವೋಸಿಗೆ ಬಂದರು. ಭಾರತದ ಅನುಕೂಲಸ್ಥರೂ ಯುರೋಪಿಗೆ ಹೋಗುತ್ತಿದ್ದರು. ಜವಾಹರಲಾಲ್ ನೆಹರೂ ಅವರ ಪತ್ನಿ ಕಮಲಾ ನೆಹರೂ ಕ್ಷಯದಿಂದ ನರಳಿ, 1936ರಲ್ಲಿ ಸ್ವಿಟ್ಸರ್ಲೆಂಡಿನ ಲೊಸಾನ್ ನಗರದಲ್ಲಿ ಕಣ್ಮುಚ್ಚಿದರು. ಕ್ಷಯವನ್ನು ಗೆಲ್ಲಬಲ್ಲ ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. ಲೋಕದಲ್ಲೇ ಇಲ್ಲದ ಮದ್ದು ಎಷ್ಟು ದೂರ ನಡೆದರೂ ಸಿಕ್ಕೀತೆ?

ಅಂದು ಬಡ ದೇಶಗಳ ಸಿರಿವಂತರು ಸಿರಿವಂತ ದೇಶಗಳಿಗೆ ಹೋಗುತ್ತಿದ್ದರು. ಇಂದು ಆ ಹೊಳೆ ಹಿಂದಕ್ಕೂ ಹರಿಯತೊಡಗಿದೆ. ಅಮೆರಿಕದಲ್ಲಿ ಹಲ್ಲು ಕಟ್ಟಿಸುವ ವೆಚ್ಚವನ್ನು ಭರಿಸಲಾರದವರು ಗಡಿ ದಾಟಿ ಮೆಕ್ಸಿಕೋದ ಲಾಸ್ ಅಲ್ಗೊಡೋನೆಸ್ ಎಂಬ ಪುಟ್ಟ ಊರಿಗೆ ಹೋಗುತ್ತಾರೆ. ಆ ಊರಿನ ಬೀದಿಗಳ ತುಂಬ ದಂತವೈದ್ಯರೇ. ಬ್ರಿಟನ್ನಿನಲ್ಲಿ ಸರಕಾರದ ಚಿಕಿತ್ಸೆ ಉಚಿತ; ಆದರೆ ಮಂಡಿಯ ಶಸ್ತ್ರಚಿಕಿತ್ಸೆಗೆ ತಿಂಗಳುಗಟ್ಟಲೆ ಸರದಿ ಕಾಯಬೇಕಾಗುತ್ತದೆ. ಕಾಯಲಾರದವರು ಹೊರನಾಡಿನ ದಾರಿ ಹಿಡಿಯುತ್ತಾರೆ. 1997ರಲ್ಲಿ ಆರ್ಥಿಕ ಸಂಕಟಕ್ಕೆ ಸಿಲುಕಿದ ಥಾಯ್ಲೆಂಡಿನ ಆಸ್ಪತ್ರೆಗಳು ವಿದೇಶೀಯರನ್ನು ಆದರದಿಂದ ಬರಮಾಡಿಕೊಂಡವು. ಭಾರತವು ರೋಗಿಗಳಿಗೆಂದೇ ವೈದ್ಯಕೀಯ ವೀಸಾ ನೀಡುತ್ತದೆ. ರೋಗಿಯೊಡನೆ ಬರುವ ಸಮೀಪಬಂಧುಗಳಿಗೂ ಅದರಲ್ಲಿ ಅವಕಾಶವುಂಟು.

ದುಬಾರಿ ವೆಚ್ಚ, ದೀರ್ಘ ಸರದಿ, ತವರಿನಲ್ಲಿ ನುರಿತ ವೈದ್ಯರ ಅಭಾವ — ಈ ಮೂರರಲ್ಲಿ ಒಂದು ಪ್ರತಿಯೊಬ್ಬ ರೋಗಿಯ ಬೆನ್ನ ಹಿಂದೆ ಇದ್ದೇ ಇರುತ್ತದೆ. ಆದುದರಿಂದ ಇದನ್ನು ‘ವೈದ್ಯಕೀಯ ಪ್ರವಾಸ’ವೆಂದು ಕರೆಯುವುದು ಅಷ್ಟೇನೂ ಉಚಿತವಲ್ಲ. ಪ್ರವಾಸಿಯು ನೋಡಲೆಂದು ಹೋಗುತ್ತಾನೆ. ರೋಗಿಯು ಉಳಿಯಲೆಂದು ಹೋಗುತ್ತಾನೆ.

ಈ ಪ್ರಯಾಣವು ಮನುಷ್ಯತ್ವವನ್ನು ಬೆಳಗಿಸಿದ ಸಂದರ್ಭಗಳುಂಟು. 2003ರ ಜುಲೈಯಲ್ಲಿ ನಿಂತುಹೋಗಿದ್ದ ದಿಲ್ಲಿ–ಲಾಹೋರ್ ಬಸ್ಸು ಮತ್ತೆ ಓಡತೊಡಗಿದಾಗ, ಹೃದಯದ ಬೇನೆಯಿದ್ದ ಪಾಕಿಸ್ತಾನದ ಹಸುಳೆಯೊಂದು ತಂದೆತಾಯಿಗಳೊಡನೆ ಭಾರತಕ್ಕೆ ಬಂದಿತು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಫಲಿಸಿತು. ಹಗೆಯನ್ನು ಮರೆತು ಎರಡೂ ನಾಡಿನ ಜನರು ಆ ಕೂಸಿಗಾಗಿ ಪ್ರಾರ್ಥಿಸಿದರು.

ಆದರೆ ಇದರ ಇನ್ನೊಂದು ಮುಖವನ್ನೂ ಕಾಣಬೇಕು. ಹಣವುಳ್ಳವರು ಬಡವರ ಮೂತ್ರಪಿಂಡವನ್ನು ಕೊಳ್ಳಲು ದೇಶಾಂತರ ಹೋದದ್ದುಂಟು. ಅಂಗಾಂಗಗಳ ಮಾರಾಟವನ್ನು ತಡೆಯಲು ಭಾರತವು 1994ರಲ್ಲಿ ಶಾಸನ ರಚಿಸಿತು. 2008ರ ಇಸ್ತಾಂಬುಲ್ ಘೋಷಣೆಯು ಆ ವ್ಯಾಪಾರವನ್ನು ಖಂಡಿಸಿತು. ಮೇಲಾಗಿ, ಮನೆಗೆ ಮರಳಿದ ಮೇಲೆ ಗಾಯವು ಕೆರಳಿದರೆ, ಚಿಕಿತ್ಸೆ ಮಾಡಿದ ವೈದ್ಯನು ಕೈಗೆಟುಕದಷ್ಟು ದೂರದಲ್ಲಿರುತ್ತಾನೆ. ದಾರಿಯೂ ರೋಗಿಯ ವಶದಲ್ಲಿಲ್ಲ. 2020ರಲ್ಲಿ ಕೋವಿಡ್ ಪಿಡುಗು ಹಬ್ಬಿದಾಗ ಗಡಿಗಳು ಮುಚ್ಚಿದವು; ಚೀಟಿ ಹಿಡಿದು ಸಿದ್ಧರಾಗಿದ್ದವರು ತಮ್ಮ ತಮ್ಮ ಊರುಗಳಲ್ಲಿಯೇ ಉಳಿದರು. ವೈರಾಣುವಿಗೆ ಗಡಿಯಿರಲಿಲ್ಲ, ರೋಗಿಗೆ ಇತ್ತು.

ದೂರದ ಅತಿಥಿಯನ್ನು ಗುಣಪಡಿಸಿ ಕಳುಹಿಸುವುದು ಯಾವ ನಾಡಿಗಾದರೂ ಕೀರ್ತಿಯೇ ಸರಿ. ಆದರೆ ಅದೇ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ವಾಸಿಸುವ ಕೂಲಿಯವನು ಅದರ ಹೊಸ್ತಿಲನ್ನು ತುಳಿಯಲಾರನಾದರೆ ಆ ಕೀರ್ತಿಯು ಅರೆಯಾಗಿಯೇ ಉಳಿಯುತ್ತದೆ. ಅತಿಥಿಗೆ ಬಡಿಸಿದ ಅನ್ನದಲ್ಲಿ ಮನೆಯ ಮಕ್ಕಳಿಗೂ ಪಾಲಿರಬೇಕು. ವಿಮಾನಗಳು ಎಷ್ಟು ರೋಗಿಗಳನ್ನು ಹೊತ್ತು ತಂದವು ಎಂಬುದು ಒಂದು ಲೆಕ್ಕ. ಊರು ಬಿಡದೆಯೇ ಎಷ್ಟು ಮಂದಿ ಗುಣಹೊಂದಿದರು ಎಂಬುದು ಅದಕ್ಕಿಂತ ದೊಡ್ಡ ಲೆಕ್ಕ.