ಹೊಸ ಫೋನು, ಕನ್ನಡದ ಕೀಲಿ

ಹೊಸ ಫೋನು ಕೈಗೆ ಬಂದರೆ ಮೊದಲು ನೋಡುವುದು ಕನ್ನಡ ಬರುತ್ತಾ ಅಂತ. ಕ್ಯಾಮೆರಾ ಆಮೇಲೆ. ನಿನ್ನೆ ಮುಂಬಯಿಯ ಚೆಂಬೂರು ಸ್ಟೇಷನ್ನಿನಲ್ಲಿ ಹಾರ್ಬರ್ ಲೈನಿನ ಲೋಕಲ್‌ಗೆ ಕಾಯುತ್ತಾ ಅಮ್ಮನಿಗೆ ಕಳಿಸುವ ಮೆಸೇಜನ್ನು ಫೋನಿಗೆ ಬಾಯಲ್ಲೇ ಹೇಳಿದೆ: "ಊಟ ಆಯ್ತಾ?" ಅಷ್ಟು ಗದ್ದಲದಲ್ಲೂ ಒಂದಕ್ಷರ ತಪ್ಪದೆ ಪರದೆ ಮೇಲೆ ಮೂಡಿತು. ಆ ಎರಡು ಪದಕ್ಕೆ ಮೈ ಜುಮ್ಮೆಂದಿತು.

ಹೀಗೆ ಪರದೆ ಮೇಲೆ ಕನ್ನಡ ಮೂಡಿದ ಕಥೆಯ ಒಂದು ಬೇರು ಮುಂಬಯಿಯಲ್ಲೇ ಇದೆ. ಕನ್ನಡದ ಕೀಲಿಮಣೆ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ಇಲ್ಲಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ನಮ್ಮ ಇಡೀ ಕಾಗುಣಿತ, ಒತ್ತಕ್ಷರ ಎಲ್ಲ 26 ಇಂಗ್ಲಿಷ್ ಕೀಲಿಗಳಲ್ಲೇ ಕೂರುತ್ತದೆ ಎಂದು ತೋರಿಸಿಕೊಟ್ಟರು. ಕೆ ಒತ್ತಿದರೆ ‘ಕ’, ದೊಡ್ಡ ಕೆ ಒತ್ತಿದರೆ ‘ಖ’. ಕೆ, ಎಫ್, ಕೆ ಒತ್ತಿ, ‘ಕ್ಕ’ ಸಿದ್ಧ. ಎಫ್ ಬೆಸುಗೆಯ ಕೆಲಸ ಮಾಡುತ್ತದೆ, ಅಷ್ಟೇ. ಎಂಥಾ ಸರಳ ಯೋಚನೆ! ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಟೈಪು ಮಾಡುವ ಪ್ರತಿ ಬೆರಳಿಗೂ ಅವರ ಋಣವಿದೆ. ನನ್ನ ಮಟ್ಟಿಗೆ ಫೋನಿನ ಮಡಚುವ ಪರದೆಗಿಂತ ಈ ಯೋಚನೆ ದೊಡ್ಡದು.

ಹೊಸ ಫೋನು ಕೊಂಡವರೇ, ಇವತ್ತೇ ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡ ಕೀಲಿಮಣೆ ಆನ್ ಮಾಡಿ. ಮೊದಲ ಮೆಸೇಜು ಮನೆಗೇ ಹೋಗಲಿ.